ಬಲಗೈ ಹೆಬ್ಬೆಟ್ಟು

ಸುಗಲಮ್ಮನ ಬಲಗೈ ಹೋದದ್ದು ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಸಂಕ್ರಾಂತಿ ಕಳೆದು ನಾಲ್ಕನೆಯ ದಿನ, ಹಗಲು ಹನ್ನೊಂದು ಗಂಟೆಗೆ.

ಅವಳು ಸಗರದವಳು. ಒಂಬತ್ತು ವರ್ಷಗಳಿಂದ ಮುಂಜಾನೆಯ ಬಸ್ಸಿಗೆ ಶಹಾಪುರಕ್ಕೆ ಬಂದು, ಊರ ಹೊರಗೆ ಸುರಪುರದ ರಸ್ತೆಯಲ್ಲಿದ್ದ ಬಸವಂತ್ರಾಯ ಸಾವಕಾರನ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದಳು. ಕಾಲುವೆ ನೀರು ಬಂದಮೇಲೆ ಸುತ್ತಲಿನ ಎರೆ ಹೊಲಗಳಲ್ಲಿ ಅರ್ಧಕ್ಕರ್ಧ ಹತ್ತಿಗೆ ತಿರುಗಿದ್ದವು. ಜನವರಿ ಬಂದರೆ ಮಿಲ್ಲಿನ ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಕರಗುತ್ತಲೇ ಇರಲಿಲ್ಲ. ಒಳಗೆ ಕಾಳಿನಿಂದ ಅರಳೆ ಬಿಡಿಸುವ ಇಪ್ಪತ್ತು ಮಷೀನುಗಳಿದ್ದವು. ಎರಡಕ್ಕೊಬ್ಬಳಂತೆ ಹೆಂಗಸರು ನಿಂತು ಅವುಗಳ ಬಾಯಿಗೆ ಹತ್ತಿ ಸುರಿಯಬೇಕು. ಇಪ್ಪತ್ತೂ ನೆಲದಡಿಯ ಒಂದೇ ಶಾಫ್ಟಿಗೆ ಬೆಲ್ಟು ಹಾಕಿಕೊಂಡು ಒಂದೇ ಮೋಟರಿನಿಂದ ತಿರುಗುವಂಥವು. ಒಂದರಲ್ಲಿ ಹತ್ತಿ ಸಿಕ್ಕಿಕೊಂಡರೆ ಬಿಡಿಸಲು ಎಲ್ಲವನ್ನೂ ನಿಲ್ಲಿಸಬೇಕು. ನಿಲ್ಲಿಸಕೂಡದು ಎಂಬುದು ಸಾವಕಾರನ ಹುಕುಂ. ಆ ಹುಕುಂ ನಡೆಸುವವನು ಮುನೀಮ ದೇವಿಂದ್ರಪ್ಪ.

ಆ ದಿನ ಬಂದದ್ದು ಮಂಜಿಗೆ ನೆನೆದ ಹತ್ತಿ. ಸುಗಲಮ್ಮನ ಮಷೀನಿನ ರೋಲಿಗೆ ಅದು ಉಂಡೆಯಾಗಿ ಸುತ್ತಿಕೊಂಡಿತು. ಅವಳು ಕೈ ಎತ್ತಿ ಕೂಗಿದಳು.

"ಮುನೀಮ್ರ, ಬಂದ್ ಮಾಡ್ರಿ, ಸಿಕ್ಕೈತಿ."

ದೇವಿಂದ್ರಪ್ಪ ಬಾಗಿಲಲ್ಲೇ ನಿಂತು ಕೈಯಾಡಿಸಿದ. "ಹಂಗ ತಗಿ. ಹೊರಗ ಏಳು ಟ್ರ್ಯಾಕ್ಟರ್ ನಿಂತಾವ."

ಹಂಗೇ ತೆಗೆಯುವುದು ಅವಳಿಗೆ ಹೊಸದಲ್ಲ. ನೂರು ಸಲ ತೆಗೆದಿದ್ದಳು. ಈ ಸಲ ಹತ್ತಿಯ ಜೊತೆಗೆ ಬಳೆ ಹೋಯಿತು, ಬಳೆಯ ಜೊತೆಗೆ ಕೈ ಹೋಯಿತು. ಪಕ್ಕದ ಮಷೀನಿನ ಗೌಹರಬೇಗಂ ಓಡಿಬಂದು ಒಂದು ಕೈಯಲ್ಲಿ ಅವಳ ನಡು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಡಿಗೆ ಹಾಕಿ ಬೆಲ್ಟು ಕೆಡವಿದಳು. ಇಲ್ಲದಿದ್ದರೆ ಭುಜದವರೆಗೂ ಹೋಗುತ್ತಿತ್ತು. ಮೋಟರು ನಿಂತದ್ದು ಆಮೇಲೆ.

ಶಹಾಪುರದ ದವಾಖಾನೆಯವರು ರಕ್ತ ನಿಲ್ಲುವಂತೆ ಕಟ್ಟಿ ಕಲಬುರಗಿಗೆ ಕಳಿಸಿದರು. ಅಲ್ಲಿ ಮಣಿಕಟ್ಟಿನ ಮೇಲಕ್ಕೆ ಕೈ ತೆಗೆದರು. ಹದಿನೆಂಟು ದಿನ ಅವಳು ಅಲ್ಲಿದ್ದಳು. ಮಿಲ್ಲಿನಿಂದ ಒಬ್ಬರೂ ಬಂದು ನೋಡಲಿಲ್ಲ. ಗಂಡ ಮಲ್ಕಪ್ಪ ಹೊಲಗಳಿಗೆ ನೀರು ಹಾಯಿಸುವ ಕೂಲಿಯವನು, ಮಾತು ಕಡಿಮೆ. ಔಷಧಕ್ಕಾದರೂ ಏನಾದರೂ ಕೇಳೋಣವೆಂದು ಅವನು ಮಿಲ್ಲಿಗೆ ಹೋದ. ಗೇಟಿನಲ್ಲಿ ಕಾವಲಿನವನು, "ಯಾವ ಸುಗಲಮ್ಮ? ಇಲ್ಲಿ ಆ ಹೆಸರಿನಾಕಿ ಯಾರೂ ಇಲ್ಲ," ಎಂದ. ಮಲ್ಕಪ್ಪ ಹೋಗದೆ ಅಲ್ಲೇ ಕೂತ. ಆಗ ಇಬ್ಬರು ಹಮಾಲರು ಬಂದು ಹೊಡೆದರು. ಆ ಪೆಟ್ಟಿಗೆ ಅವನ ಎಡಗಿವಿ ಹೋಯಿತು. ಅವನು ದವಾಖಾನೆಗೆ ಮರಳಿದಾಗ ಹೆಂಡತಿಗೆ ಏನೂ ಹೇಳಲಿಲ್ಲ. ಅವಳು ಅವನ ಎಡಗಡೆಯಿಂದ ಮಾತಾಡಿದ್ದಕ್ಕೆ ಉತ್ತರ ಬರದೇ ಇದ್ದಾಗ ತಾನೇ ತಿಳಿದುಕೊಂಡಳು.

ಊರಿಗೆ ಬಂದ ಮೂರನೆಯ ದಿನ, ಕೈಗೆ ಕಟ್ಟಿದ ಬಟ್ಟೆಯಲ್ಲೇ ಅವಳು ಮಿಲ್ಲಿಗೆ ಹೋದಳು. ಬಸವಂತ್ರಾಯ ತಕ್ಕಡಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಐವತ್ತು ದಾಟಿದ, ಬಿಳಿ ಅಂಗಿ ಬಿಟ್ಟು ಬೇರೆ ತೊಡದ ಮನುಷ್ಯ. ವ್ಯಾಪಾರಿಗಳ ಸಂಘಕ್ಕೆ ಆ ವರ್ಷ ಅಧ್ಯಕ್ಷನಾಗಬೇಕೆಂದು ಓಡಾಡುತ್ತಿದ್ದ.

"ಸಾವ್ಕಾರ್ರ, ನನ್ನ ಗಂಡಗ ಯಾಕ ಹೊಡಿಸಿದ್ರಿ?" ಎಂದು ಅವಳು ಕೇಳಿದಳು. ಕೈಯ ಮಾತೇ ಎತ್ತಲಿಲ್ಲ.

"ನಿನ್ನ ಗಂಡ ಯಾರು? ನೀ ಯಾರು?"

"ಒಂಬತ್ತು ವರ್ಷ ಆತ್ರಿ ನಿಮ್ಮಲ್ಲಿ ಕೆಲ್ಸ ಮಾಡಾಕತ್ತು."

ಬಸವಂತ್ರಾಯ ಮುನೀಮನ ಕಡೆ ತಿರುಗಿದ. "ದೇವಿಂದ್ರಪ್ಪ, ಹಾಜರಿ ಪುಸ್ತಕ ತೋರ್ಸು ಈಕಿಗೆ."

ದೇವಿಂದ್ರಪ್ಪ ತಂದು ತೋರಿಸಿದ. ಅದರಲ್ಲಿ ಎಂಟು ಗಂಡಸರ ಹೆಸರಿದ್ದವು. ಹೆಂಗಸರ ಹೆಸರು ಆ ಪುಸ್ತಕಕ್ಕೆ ಎಂದೂ ಏರಿರಲಿಲ್ಲ. ಸುಗಲಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಮುನೀಮ ತನ್ನ ಕಣ್ಣು ತಪ್ಪಿಸಿದ್ದನ್ನು ನೋಡಿ ಅವಳಿಗೆ ತಿಳಿಯಿತು.

"ಹತ್ತಿಕಾಳು ಕದಿಯಾಕ ಮಿಲ್ಲಿನಾಗ ಹೊಕ್ಕಿ, ಕೈ ಕೊಟ್ಟಿ," ಎಂದ ಬಸವಂತ್ರಾಯ. "ಕಳವಿನ ಕೇಸ್ ಹಾಕಿಲ್ಲ ಅಂತ ಸುಮ್ನ ಹೋಗು. ಎಮ್ಮಿಗೆ ಕಾಳು ಬೇಕಾದ್ರ ಕೇಳಿ ಒಯ್ಯಬೇಕು."

ಅವಳ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಒಳಗೆ ಇಪ್ಪತ್ತು ಮಷೀನುಗಳು ತಿರುಗುತ್ತಿದ್ದವು. ತನ್ನ ಜಾಗದಲ್ಲಿ ಬೇರೊಬ್ಬಳು ನಿಂತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಸುಗಲಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಬಸವಂತ್ರಾಯನ ಮುಖವನ್ನು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಷ್ಟು ಹೊತ್ತು ನೋಡಿ, ಹೊರಗೆ ಬಂದಳು.

ಅಂದಿನಿಂದ ಅವಳಿಗೆ ಒಂದೇ ಕೆಲಸ. ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿಯುವಾಗ, ಹಲ್ಲಿನಿಂದ ಸೆರಗು ಸಿಗಿಸಿಕೊಳ್ಳುವಾಗ, ಬಾವಿಕಟ್ಟೆಯಲ್ಲಿ ಹೆಂಗಸರು ತನ್ನನ್ನು ನೋಡಿ ಮಾತು ನಿಲ್ಲಿಸುವಾಗ, ಅವಳು ಬಸವಂತ್ರಾಯ ಬೀಳುವುದನ್ನು ಕಲ್ಪಿಸಿಕೊಳ್ಳುತ್ತಿದ್ದಳು. ಹೇಗೆ ಬೀಳಬೇಕೆಂದು ಗೊತ್ತಿರಲಿಲ್ಲ. ಬೀಳಬೇಕು, ತಾನು ನಿಂತು ನೋಡಬೇಕು. ಅಷ್ಟೇ.

ಶಹಾಪುರದಲ್ಲಿ ಸಾವಕಾರನ ಮೇಲೆ ವಕಾಲತ್ತು ಹಾಕುವವರು ಸಿಗಲಿಲ್ಲ. ಯಾರೋ ಸುರಪುರದ ನಸೀರುದ್ದೀನ ವಕೀಲರ ಹೆಸರು ಹೇಳಿದರು. ಮುಪ್ಪಾದ ಮನುಷ್ಯ, ಹಳೆಯ ಮನೆಯ ಪಡಸಾಲೆಯೇ ಆಫೀಸು. ಸುಗಲಮ್ಮ ಅವರೆದುರು ನೆಲದ ಮೇಲೆ ಕೂತಳು. ಅವರು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದರು.

"ನಂಗ ರೊಕ್ಕ ಬ್ಯಾಡ್ರಿ ವಕೀಲ್ ಸಾಹೇಬ್ರ. ನಾ ಅವನ ಆಳು ಅಂತ ಅವನ ಬಾಯಿಲೇ ಅನಿಸ್ರಿ. ಆಮ್ಯಾಲ ಆತ ಮಣ್ಣು ಮುಕ್ಕಬೇಕು."

"ಮಣ್ಣು ಮುಕ್ಕಿಸೂ ಕಾಯ್ದೆ ನನ್ನ ಹತ್ರ ಇಲ್ಲವ್ವಾ," ಎಂದರು ನಸೀರುದ್ದೀನ. "ಕಾರ್ಮಿಕರ ಪರಿಹಾರದ ಕಾಯ್ದೆ ಐತಿ. ಅದಕ್ಕ ಮೊದಲ ನೀ ಆಳು ಅಂತ ನಾವ ತೋರಿಸ್ಬೇಕು. ಏನೈತಿ ನಿನ್ನ ಹತ್ರ?"

ಅವಳು ಮೊಂಡುಗೈ ಎತ್ತಿ ತೋರಿಸಿದಳು.

"ಇದು ಕೈ ಹೋಗೈತಿ ಅಂತ ಹೇಳ್ತದ. ಎಲ್ಲಿ ಹೋತು ಅಂತ ಹೇಳೂದಿಲ್ಲ."

ಕಾಗದ ಒಂದೂ ಇರಲಿಲ್ಲ. ಗುರುತಿನ ಚೀಟಿ ಇಲ್ಲ, ಪಗಾರದ ಚೀಟಿ ಇಲ್ಲ. ದವಾಖಾನೆಯ ಕಾಗದದಲ್ಲಿ 'ಯಂತ್ರಕ್ಕೆ ಸಿಕ್ಕು' ಎಂದಿತ್ತು, ಯಾರ ಯಂತ್ರವೆಂದು ಇರಲಿಲ್ಲ. ದಿನಾ ಅವಳನ್ನು ಮಿಲ್ಲಿನ ಹತ್ತಿರ ಇಳಿಸುತ್ತಿದ್ದ ಬಸ್ಸಿನ ಕಂಡಕ್ಟರು ಸಾಕ್ಷಿ ಹೇಳಲು ಒಪ್ಪಿದ. ಆದರೆ ಇಳಿದು ಎಲ್ಲಿಗೆ ಹೋಗುತ್ತಿದ್ದಳೆಂದು ಅವನು ನೋಡಿರಲಿಲ್ಲ. ಉಳಿದವಳು ಗೌಹರಬೇಗಂ. ಒಂಬತ್ತು ವರ್ಷ ಪಕ್ಕದಲ್ಲೇ ನಿಂತವಳು, ಒಂದೇ ಡಬ್ಬಿಯಲ್ಲಿ ಉಂಡವಳು, ಬೆಲ್ಟು ಕೆಡವಿ ಜೀವ ಉಳಿಸಿದವಳು. ಅವಳು ಬರುತ್ತಾಳೆ ಎಂದು ಸುಗಲಮ್ಮ ವಕೀಲರಿಗೆ ಗಟ್ಟಿಯಾಗಿ ಹೇಳಿದಳು.

ಗೌಹರಬೇಗಂ ಬಂದಳು. ಬಸವಂತ್ರಾಯನ ಜೀಪಿನಲ್ಲಿ ಬಂದಳು.

ಕಾರ್ಮಿಕ ಅಧಿಕಾರಿ ತಿಂಗಳಿಗೊಮ್ಮೆ ಯಾದಗಿರಿಗೆ ಬಂದು ವಿಚಾರಣೆ ಮಾಡುತ್ತಿದ್ದರು. ಆಗಸ್ಟಿನ ಆ ತಾರೀಖಿಗೆ ಮೊದಲು ಬಸವಂತ್ರಾಯ ಪ್ರಮಾಣ ಮಾಡಿ ಹೇಳಿದ: ಈ ಹೆಂಗಸು ಎಂದೂ ತನ್ನ ಮಿಲ್ಲಿನಲ್ಲಿ ಕೆಲಸ ಮಾಡಿಲ್ಲ, ಇವಳ ಹೆಸರೂ ತನಗೆ ಗೊತ್ತಿರಲಿಲ್ಲ. ಆಮೇಲೆ ಗೌಹರಬೇಗಂ ಎದ್ದು ನಿಂತಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನೆಲ ನೋಡುತ್ತ, "ಈಕಿ ಕೆಲ್ಸದಾಕಿ ಅಲ್ರಿ. ಕಾಳು ಆರಸಾಕ ಬರತಿದ್ಳು," ಎಂದಳು.

ಸುಗಲಮ್ಮನಿಗೆ ಕಿವಿಯಲ್ಲಿ ಬಿಸಿ ನೀರು ಬಿದ್ದಂತಾಯಿತು. ಹೊರಗೆ ಬಂದಾಗ ಗೌಹರಬೇಗಂ ಗೋಡೆಯ ಬದಿಗೆ ನಿಂತಿದ್ದಳು.

"ಅಕ್ಕಾ, ನನ್ನ ಮಗಳೂ ಅಲ್ಲೇ ಕೆಲ್ಸ ಮಾಡಾಕತ್ತಾಳ. ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ," ಎಂದಳು ಸುಗಲಮ್ಮ. "ನಿಂದೂ ನೆನಪಿಟ್ಟೇನಿ."

ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ನಸೀರುದ್ದೀನ ವಕೀಲರು ಚಹಾ ತರಿಸಿದರು. ಅವರೂ ಸೋತಂತೆ ಕೂತಿದ್ದರು. ಚಹಾ ಮುಗಿಸಿ ಕೇಳಿದರು: "ಮಿಲ್ಲಿನ ಕೆಲ್ಸದ ಮ್ಯಾಲ ನಿನ್ನ ಎಂದರ ಹೊರಗ ಕರಕೊಂಡು ಹೋಗಿದ್ರೇನು? ಬ್ಯಾಂಕಿಗೆ, ಕಚೇರಿಗೆ, ಎಲ್ಲಿಗರ? ಯಾವುದರ ಕಾಗದಕ್ಕ ಬೆಟ್ಟು ಒತ್ತೀಯೇನು?"

ಸುಗಲಮ್ಮ ಚಹಾದ ಕಪ್ಪು ಕೆಳಗಿಟ್ಟಳು. ಹೇಳಬೇಕೋ ಬೇಡವೋ ಎಂದು ತೋಚಲಿಲ್ಲ.

"ಒಮ್ಮೆ ಒತ್ತೇನ್ರಿ, ಕಲಬುರಗ್ಯಾಗ. ಆದ್ರ ಅದು ಸುಳ್ಳು ಕಾಗದ."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಿಲ್ಲಿನ ಗೋಡೌನಿಗೆ ಬೆಂಕಿ ಬಿದ್ದಿತ್ತು. ಅರಳೆಯ ಬೇಲುಗಳೆಲ್ಲ ಸುಟ್ಟವೆಂದು ಬಸವಂತ್ರಾಯ ವಿಮೆ ಕೇಳಿದ. ವಿಮೆ ಕಂಪನಿಯವರು ನಂಬಲಿಲ್ಲ. ಆತ ಕಲಬುರಗಿಯ ಗ್ರಾಹಕರ ವೇದಿಕೆಗೆ ಹೋದ. ಗೋಡೌನು ಮಾಳಿಗೆಯ ಮಟ್ಟಕ್ಕೆ ತುಂಬಿತ್ತೆಂದು ಹೇಳಲು ಮೂವರನ್ನು ಜೀಪಿನಲ್ಲಿ ಕರೆದೊಯ್ದ. ಮುನೀಮ ದೇವಿಂದ್ರಪ್ಪ, ಗೌಹರಬೇಗಂ, ಸುಗಲಮ್ಮ. ಖಾನಾವಳಿಯಲ್ಲಿ ಊಟ ಹಾಕಿಸಿದ, ಬರುವಾಗ ಇಬ್ಬರು ಹೆಂಗಸರಿಗೂ ಒಂದೊಂದು ಸೀರೆ ಕೊಡಿಸಿದ. ಮುಂದೆ ವಿಮೆಯ ಹಣವೂ ಅವನಿಗೆ ಬಂತು. ಆದರೆ ಬೆಂಕಿ ಬೀಳುವ ಎರಡು ದಿನ ಮೊದಲೇ ಬೇಲುಗಳೆಲ್ಲ ಲಾರಿ ಏರಿ ರಾಯಚೂರಿಗೆ ಹೋಗಿದ್ದವು. ಹಮಾಲರ ಜೊತೆ ಸೇರಿ ಲಾರಿ ತುಂಬಿದವರು ಇದೇ ಹೆಂಗಸರು. ಸುಟ್ಟದ್ದು ಕಸದ ಅರಳೆ ಮತ್ತು ಹರಕು ಗೋಣಿಚೀಲ.

"ಗೊತ್ತಿದ್ದೂ ಯಾಕ ಒತ್ತಿದಿ?"

"ಮಿಲ್ ಮುಚ್ಚಿದ್ರ ನಿಮಗ ಕೆಲ್ಸ ಇಲ್ಲ ಅಂದ್ರು ಸಾವ್ಕಾರ್ರು. ಒತ್ತಿದೆ."

ನಸೀರುದ್ದೀನ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಸುಳ್ಳು ಕಾಗದ ಆದ್ರೂ ಅದರಾಗ ಒಂದು ಖರೆ ಇರ್ತದವ್ವಾ. ನೀ ಯಾರು ಅಂತ ಬರದಿರಬೇಕಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಗೋಡೌನಿನ ಮಾತು ಮಾತ್ರ ನೀ ಯಾರ ಮುಂದೂ ಎತ್ತಬ್ಯಾಡ. ಎತ್ತಿದ್ರ ಆತನ ಜೋಡಿ ನೀನೂ ಸಿಗ್ತಿ."

ತಿಂಗಳೊಳಗೆ ಅವರು ಕಲಬುರಗಿಯಿಂದ ನಕಲು ತಂದರು. ಪಡಸಾಲೆಯಲ್ಲಿ ಓದಿ ಹೇಳಿದರು: 'ಸುಗಲಮ್ಮ ಗಂಡ ಮಲ್ಕಪ್ಪ, ಸಾಕಿನ್ ಸಗರ, ಆದ ನಾನು ಅರ್ಜಿದಾರ ಬಸವಂತ್ರಾಯ ಇವರ ಹತ್ತಿ ಮಿಲ್ಲಿನಲ್ಲಿ ಐದು ವರ್ಷಗಳಿಂದ ಕಾಯಂ ಕೆಲಸಗಾರ್ತಿಯಾಗಿದ್ದು...' ಕೆಳಗೆ ಕಪ್ಪು ಮಸಿಯ ಹೆಬ್ಬೆಟ್ಟು. ಅದರ ಮಗ್ಗುಲಲ್ಲಿ, ಈಕೆ ತನ್ನ ಮಿಲ್ಲಿನ ಕೆಲಸಗಾರ್ತಿಯೆಂದು ಗುರುತಿಸುತ್ತೇನೆ ಎಂದು ಬರೆದು ಬಸವಂತ್ರಾಯ ಹಾಕಿದ ಸಹಿ.

ಸುಗಲಮ್ಮ ಆ ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದಳು. ಅವಳ ಬಲಗೈಯಲ್ಲಿ ಉಳಿದದ್ದು ಅದೊಂದೇ.

ಅಕ್ಟೋಬರಿನ ತಾರೀಖಿಗೆ ಯಾದಗಿರಿಯ ಆ ಕೋಣೆ ತುಂಬಿತ್ತು. ಕಾಗದ ನೋಡಿದ ಕೂಡಲೇ ಬಸವಂತ್ರಾಯನ ವಕೀಲ ಎದ್ದ. ಶಹಾಪುರದ ತರುಣ, ಮಾತು ಚುರುಕು.

"ಈ ಬೆಟ್ಟು ಈಕಿದೇ ಅಂತ ಏನ್ ಗ್ಯಾರಂಟಿ ಸರ್? ಸುಗಲಮ್ಮ ಅನ್ನೋರು ಊರಿಗೆ ಹತ್ತು ಮಂದಿ ಇರ್ತಾರ. ಇಲ್ಲೇ ಒತ್ತಿ ತೋರಸ್ಲಿ, ತಾಳೆ ನೋಡೂಣು."

ಅವನು ಹೇಳಿ ಮುಗಿಸುವುದರೊಳಗೆ ಅವನಿಗೇ ತಿಳಿಯಿತು. ಆದರೆ ಮಾತು ಹೊರಗೆ ಬಂದಾಗಿತ್ತು. ಸುಗಲಮ್ಮ ಎದ್ದು ಅಧಿಕಾರಿಯ ಮೇಜಿನ ಮೇಲೆ ಮೊಂಡುಗೈ ಇಟ್ಟಳು.

"ಆ ಬೆಟ್ಟು ನಿಮ್ಮ ಸಾವ್ಕಾರ್ರ ಮಿಲ್ಲಿನಾಗ ಐತ್ರಿ," ಎಂದಳು. "ಹುಡುಕಿ ತರಸ್ರಿ, ಒತ್ತತೇನಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ನಸೀರುದ್ದೀನ ವಕೀಲರು ನಿಧಾನವಾಗಿ ಎದ್ದು ಬಸವಂತ್ರಾಯನ ಮುಂದೆ ನಕಲು ಹಿಡಿದರು.

"ಬೆಟ್ಟಿನ ಮಾತು ಬಿಡ್ರಿ. ಈ ಸಹಿ ನಿಮ್ದ?"

"ಹೌದ್ರಿ."

"ಇದರಾಗ ಬರದದ್ದು ಖರೆನೋ ಸುಳ್ಳೋ? ಖರೆ ಆದ್ರ ಈಕಿ ನಿಮ್ಮ ಕೆಲ್ಸದಾಕಿ. ಸುಳ್ಳಾದ್ರ ನೀವು ಸುಳ್ಳು ಕಾಗದ ಕೊಟ್ಟು ವಿಮೆ ತಗೊಂಡ್ರಿ. ಎರಡ್ರಾಗ ಯಾವುದು?"

ಬಸವಂತ್ರಾಯ ತನ್ನ ವಕೀಲನ ಕಡೆ ನೋಡಿದ. ವಕೀಲ ಕಿಟಕಿಯ ಕಡೆ ನೋಡುತ್ತಿದ್ದ.

"ಖರೆ," ಎಂದ ಬಸವಂತ್ರಾಯ. "ಆವಾಗ ಮಾಡತಿದ್ಳು. ಆಮ್ಯಾಲ ಬಿಟ್ಟಾಳ."

"ಹೋದ ತಾರೀಖಿಗೆ 'ಎಂದೂ ಮಾಡಿಲ್ಲ, ಹೆಸರೂ ಗೊತ್ತಿಲ್ಲ' ಅಂತ ಪ್ರಮಾಣ ಮಾಡಿ ಹೇಳಿದ್ರಿ."

"ನೆನಪಿದ್ದಿಲ್ರಿ."

"ಬಿಟ್ಟದ್ದಕ್ಕ ಕಾಗದ?"

"ಇಲ್ರಿ."

ಬಸವಂತ್ರಾಯನ ಬಿಳಿ ಅಂಗಿಯ ಬೆನ್ನು ತೊಯ್ದಿತ್ತು. ಸುಗಲಮ್ಮ ಅದನ್ನು ಹಿಂದಿನಿಂದ ನೋಡುತ್ತಿದ್ದಳು. ಆ ಮಧ್ಯಾಹ್ನ, ಒಂಬತ್ತು ತಿಂಗಳಲ್ಲಿ ಮೊದಲ ಸಲ, ಅವಳಿಗೆ ನಿಜವಾದ ಹಸಿವಾಯಿತು. ಹೊಟೇಲಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಫೆಬ್ರುವರಿಯಲ್ಲಿ ಆದೇಶ ಬಂತು. ಸುಗಲಮ್ಮ ಮಿಲ್ಲಿನ ಕೆಲಸಗಾರ್ತಿ, ಕೆಲಸದಲ್ಲಿದ್ದಾಗಲೇ ಗಾಯವಾಗಿದೆ, ಮಾಲೀಕ ಪರಿಹಾರ ಕೊಡತಕ್ಕದ್ದು. ಅವಳು ಮೊದಲ ಸಾಲನ್ನು ವಕೀಲರಿಂದ ಮೂರು ಸಲ ಓದಿಸಿದಳು. ಬಸವಂತ್ರಾಯ ಮೇಲಿನ ಕೋರ್ಟಿಗೆ ಹೋಗದೆ ಪರಿಹಾರ ಕಟ್ಟಿಬಿಟ್ಟ. ಊರಿನವರೆಲ್ಲ ಇನ್ನು ಮುಗಿಯಿತೆಂದರು. ಮಲ್ಕಪ್ಪನೂ ಹಾಗೆಂದುಕೊಂಡ. ಸುಗಲಮ್ಮನಿಗೆ ಮಾತ್ರ ಒಂದು ತಿಳಿಯಲಿಲ್ಲ. ಹಮಾಲರಿಂದ ಗಂಡನನ್ನು ಹೊಡೆಸಿದ ಮನುಷ್ಯ ಇಷ್ಟು ಸುಮ್ಮನೆ ಯಾಕೆ ಕೊಟ್ಟ?

ಅದನ್ನು ದೇವಿಂದ್ರಪ್ಪನೇ ಬಂದು ತಿಳಿಸಿದ. ಒಂದು ಭಾನುವಾರ ಸಗರಕ್ಕೆ ಬಂದು, ಅಂಗಳದಲ್ಲಿ ಮಂಚದ ತುದಿಗೆ ಕೂತು, ನೀರು ಕುಡಿದು, ಹೇಳಿದ: "ಸಾವ್ಕಾರ್ರು ಮಲ್ಕಪ್ಪಗ ಮಿಲ್ಲಿನ ಕಾವಲಿಗೆ ಇಟ್ಕೋತಾರಂತ. ಕಾಯಂ. ಪುಸ್ತಕದಾಗ ಹೆಸರೂ ಹಾಕ್ತಾರ."

"ಯಾಕಂತ?"

"ನಿಮ್ಮ ಮ್ಯಾಲ ಕರುಣಿ. ಮತ್ತ... ಆ ಗೋಡೌನಿನ ಹಳೀ ಮಾತು ಯಾರ ಮುಂದೂ ಬರಬಾರದು. ಅಷ್ಟ."

ಸುಗಲಮ್ಮ ಗಂಡನ ಕಡೆ ನೋಡಿದಳು. ಅವನು ಬಲಗಿವಿ ಮುಂದೆ ಮಾಡಿ ಕೇಳುತ್ತಿದ್ದ. ಅವನನ್ನು ಹೊಡೆದ ಗೇಟಿನಲ್ಲೇ ಅವನಿಗೆ ಕೋಲು ಕೊಟ್ಟು ನಿಲ್ಲಿಸುವುದು. ಅವಳಿಗೆ ನಗು ಬಂತು, ನಕ್ಕಳು.

"ಕರುಣಿ ಬಂದಿದ್ದಲ್ಲ ಮುನೀಮ್ರ. ಅಂಜಿಕಿ ಬಂದೈತಿ."

ದೇವಿಂದ್ರಪ್ಪ ಹೋದಮೇಲೆ ಮಲ್ಕಪ್ಪ ಮೊದಲ ಸಲ ಹೆಂಡತಿಗೆ ಅಡ್ಡ ಬಂದ. "ಬಿಟ್ಟಬಿಡು. ಕೈ ಕೊಟ್ಟಿದಿ, ಕೈಗೆ ಆತ ರೊಕ್ಕ ಕೊಟ್ಟ. ನೀನೂ ಸುಳ್ಳಿಗೆ ಬೆಟ್ಟು ಒತ್ತೀದಿ. ಒಳಗ ಹಾಕ್ತಾರ."

"ಹಾಕ್ಲಿ. ಆತ ಮಗ್ಗಲ ಖೋಲಿಯಾಗ ಇರ್ತಾನಲ್ಲ, ಅಷ್ಟ ಸಾಕು ನಂಗ."

ಅವನು ಸಲಿಕೆ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ.

ಮರುದಿನ ಅವಳು ಶಹಾಪುರದಲ್ಲಿ ಗೌಹರಬೇಗಂಳ ಮನೆಗೆ ಹೋದಳು. ಬಾಗಿಲಲ್ಲೇ ನಿಂತು ಹೇಳಿದಳು: "ನಾಳಿ ಕಲಬುರಗಿಗೆ ಹೋಗಾಕತ್ತೇನಿ. ವಿಮೆ ಕಂಪನಿ ಆಫೀಸಿಗೆ. ಲಾರಿ ತುಂಬಿದ್ದು ಹೇಳ್ತೇನಿ. ನೀನೂ ಬಂದು ಹೇಳಿದ್ರ ಉಳೀತಿ. ಬರದಿದ್ರ ನಿನ್ನ ಬೆಟ್ಟೂ ಅಲ್ಲೇ ಐತಿ."

ಗೌಹರಬೇಗಂ ಬಾಗಿಲ ಚಿಲಕ ಹಿಡಿದುಕೊಂಡಳು. "ನಿನ್ನ ಜೀವ ಉಳಿಸಿದಾಕಿ ನಾನು," ಎಂದಳು.

"ಉಳಿಸಿದ್ದು ಗೊತ್ತೈತಿ. ಕಾಳು ಆರಸಾಕಿ ಅಂದದ್ದೂ ಗೊತ್ತೈತಿ. ಅದಕ್ಕ ನಿನಗ ಮೊದಲ ಬಂದು ಹೇಳಾಕತ್ತೇನಿ. ಬ್ಯಾರೆಯವ್ರಿಗೆ ಹೇಳ್ತಿದ್ದಿಲ್ಲ."

ಮರುದಿನದ ಬಸ್ಸಿಗೆ ಗೌಹರಬೇಗಂ ಬರಲಿಲ್ಲ. ಸುಗಲಮ್ಮ ಒಬ್ಬಳೇ ಹೋದಳು.

ವಿಮೆ ಕಂಪನಿಯ ಆಫೀಸಿನಲ್ಲಿ ಮೊದಲು ಅವಳನ್ನು ಯಾವುದೋ ಪಾಲಿಸಿಯ ಪರಿಹಾರ ಕೇಳಲು ಬಂದವಳೆಂದುಕೊಂಡು ಬೆಂಚಿನ ಮೇಲೆ ಕೂರಿಸಿದರು. ಮಧ್ಯಾಹ್ನ ಒಬ್ಬ ಸಾಹೇಬ ಕೇಳಿದ, "ಏನಮ್ಮಾ, ನಿಮಗೇನು ಬರಬೇಕು?"

"ನನಗೇನೂ ಬರಬೇಕಾಗಿಲ್ರಿ," ಎಂದಳು ಅವಳು. "ನಾ ಕೊಡಾಕ ಬಂದೇನಿ."

ಲಾರಿ ಯಾವ ದಿನ ಬಂತು, ಯಾರು ಹೊತ್ತರು, ರಾಯಚೂರಿನಲ್ಲಿ ಯಾವ ವ್ಯಾಪಾರಿಯ ಗೋಡೌನಿಗೆ ಇಳಿಯಿತೆಂದು ಹಮಾಲರು ಆಡಿಕೊಂಡರು, ಎಲ್ಲವನ್ನೂ ಹೇಳಿದಳು. ಕೇಳುತ್ತ ಹೋದಂತೆ ಆ ಸಾಹೇಬ ಕಾಗದ ತರಿಸಿದ, ಮತ್ತೊಬ್ಬನನ್ನು ಕರೆಸಿದ. ಅವರು ಬರೆದುಕೊಂಡದ್ದಕ್ಕೆ ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು.

ಕಂಪನಿಯವರು ರಾಯಚೂರಿಗೆ ಹೋಗಿ ನೋಡಿದರು. ಅಲ್ಲಿನ ವ್ಯಾಪಾರಿಯ ಹತ್ತಿರ ಬೇಲುಗಳು ಇಳಿದ ಚೀಟಿ ಸಿಕ್ಕಿತು, ತಾರೀಖು ಬೆಂಕಿಯ ಹಿಂದಿನದು. ಆಮೇಲೆ ಎಲ್ಲ ಬೇಗ ನಡೆಯಿತು. ಪೊಲೀಸರು ಮಿಲ್ಲಿಗೆ ಬಂದರು. ಬಸವಂತ್ರಾಯನನ್ನು ಅದೇ ತಕ್ಕಡಿಯ ಹತ್ತಿರದಿಂದ ಎಬ್ಬಿಸಿ ಒಯ್ದರು. ಹನ್ನೊಂದು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ವ್ಯಾಪಾರಿಗಳ ಸಂಘದಲ್ಲಿ ಅಧ್ಯಕ್ಷಗಿರಿಯ ಮಾತು ಹಾಗಿರಲಿ, ಅವನ ಮಗ್ಗುಲಲ್ಲಿ ಕೂರುವವರೂ ಇಲ್ಲದಾದರು. ಮಿಲ್ಲಿಗೆ ಬೀಗ ಬಿತ್ತು. ಸುಗಲಮ್ಮ ಒಂದು ದಿನ ಅದಕ್ಕೆಂದೇ ಬಸ್ಸಿಳಿದು, ಗೇಟಿನ ಎದುರು ಬೇವಿನ ನೆರಳಲ್ಲಿ ಕೂತು, ಮೊಹರು ಹಾಕಿದ ಬೀಗವನ್ನು ನೋಡಿದಳು. ಬುತ್ತಿ ಬಿಚ್ಚಿ ಅಲ್ಲೇ ಉಂಡು ಬಂದಳು.

ಬೀಗ ಬಿದ್ದದ್ದು ಬಸವಂತ್ರಾಯನಿಗೆ ಮಾತ್ರ ಅಲ್ಲ. ಸುತ್ತಲಿನ ಊರುಗಳ ಹತ್ತಿಪ್ಪತ್ತು ಹೆಂಗಸರ ಆ ಸುಗ್ಗಿ ಹಾಗೇ ಹೋಯಿತು. ಸಗರದ ನಾಲ್ವರು ಅವಳ ಮನೆ ಬಾಗಿಲಿಗೆ ಬಂದು ಕೇಳಿದರು. ಲಾಲಮ್ಮ ಎಂಬವಳು, "ನಿಂದು ನೀ ತಗೊಂಡಿ. ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡದಿ?" ಎಂದಳು. "ನನ್ನ ಸಲುವಾಗಿ ಒಬ್ಬಾಕಿನರ ಬಾಯಿ ತಗದಿದ್ರ ಇಲ್ಲೀತನ ಬರ್ತಿದ್ದಿಲ್ಲ," ಎಂದು ಸುಗಲಮ್ಮ ಹೇಳಿದಳಾದರೂ ಲಾಲಮ್ಮ ಹೋದಮೇಲೆ ಆ ದಿನ ಒಲೆ ಹಚ್ಚಲಿಲ್ಲ. ಮುಂದಿನ ವರ್ಷ ರಾಯಚೂರಿನ ಒಬ್ಬರು ಮಿಲ್ಲು ಕೊಂಡು ಮತ್ತೆ ಶುರುಮಾಡಿದರು. ಸುಗಲಮ್ಮನ ಮೊಂಡುಗೈಯ ಕತೆ ಅವರಿಗೂ ಮುಟ್ಟಿತ್ತು. ಪ್ರತಿಯೊಂದು ಮಷೀನಿಗೂ ಬೇರೆ ಮೋಟರು ಹಾಕಿಸಿದರು, ಹೆಂಗಸರ ಹೆಸರು ಪುಸ್ತಕಕ್ಕೆ ಬರೆಸಿದರು. ಲಾಲಮ್ಮ ಅಲ್ಲಿಗೆ ಹೋಗತೊಡಗಿದಳು. ಸುಗಲಮ್ಮನ ಜೊತೆ ಮಾತ್ರ ಅವಳು ಮಾತು ಕೂಡಿಸಲಿಲ್ಲ.

ಶಹಾಪುರದ ಕೋರ್ಟಿನಲ್ಲಿ ಮೋಸದ ಕೇಸು ನಿಂತಿತು. ಬಸವಂತ್ರಾಯ ಮೊದಲ ಆರೋಪಿ, ದೇವಿಂದ್ರಪ್ಪ ಎರಡನೆಯವನು, ಗೌಹರಬೇಗಂ ಮೂರನೆಯವಳು. ತಾನಾಗಿ ಬಂದು ಹೇಳಿದವಳೆಂದು ನಸೀರುದ್ದೀನ ವಕೀಲರು ಓಡಾಡಿ ಸುಗಲಮ್ಮನನ್ನು ಸಾಕ್ಷಿ ಮಾಡಿಸಿದರು. ಪ್ರತಿ ತಾರೀಖಿಗೂ ಅವಳು ಹೋದಳು. ತನ್ನ ಹೆಸರು ಕೂಗದ ತಾರೀಖಿಗೂ ಹೋದಳು. ಹಿಂದಿನ ಬೆಂಚಿನಲ್ಲಿ ಕೂತು, ಬಸವಂತ್ರಾಯನ ಹೆಸರನ್ನು ಜವಾನ ಮೂರು ಸಲ ಕೂಗುವುದನ್ನೂ, ಆತ ಕೈಕಟ್ಟಿಕೊಂಡು ಕಟಕಟೆಗೆ ಹೋಗಿ ನಿಲ್ಲುವುದನ್ನೂ ನೋಡುತ್ತಿದ್ದಳು. ಎರಡು ವರ್ಷದಲ್ಲಿ ಆತನ ಕೊರಳು ಸಣ್ಣಗಾಗಿ ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಅವಳು ಅದನ್ನೂ ಗಮನಿಸಿದ್ದಳು.

ಅವಳ ಸಾಕ್ಷಿಯ ದಿನ ಗೌಹರಬೇಗಂಳ ವಕೀಲ ಕೇಳಿದ: "ಗೋಡೌನ್ ಖಾಲಿ ಇತ್ತು ಅನ್ನೋದು ಈ ಗೌಹರಬೇಗಂಗೆ ಗೊತ್ತಿತ್ತೇನು? ಕಲಬುರಗಿಯಲ್ಲಿ ಆ ಕಾಗದ ಆಕೆಗೆ ಓದಿ ಹೇಳಿದ್ದರೇನು?"

ಗೌಹರಬೇಗಂ ಕಟಕಟೆಯಲ್ಲಿ ನಿಂತಿದ್ದಳು. ಗೋಡೌನು ಖಾಲಿಯೆಂದು ಅವಳಿಗೆ ಗೊತ್ತಿತ್ತು. ಲಾರಿಗೆ ಬೇಲು ದೂಡುವಾಗ ಸುಗಲಮ್ಮನ ಎದುರು ತುದಿಗೆ ಕೈ ಹಚ್ಚಿದವಳು ಅವಳೇ. ಕಾಗದ ಓದಿ ಹೇಳಿದಾಗಲೂ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ನಿಜ ಹೇಳಿದರೆ ಸಾಕಿತ್ತು.

"ಇಲ್ರಿ," ಎಂದಳು ಸುಗಲಮ್ಮ. "ಲಾರಿ ತುಂಬಿದ ದಿನ ಆಕಿ ಕೆಲ್ಸಕ್ಕ ಬಂದಿದ್ದಿಲ್ಲ. ಕಾಗದದಾಗ ಏನೈತಿ ಅಂತ ಆಕಿಗೆ ಯಾರೂ ಹೇಳ್ಲಿಲ್ಲ. ಸಾವ್ಕಾರ್ರು ಒತ್ತು ಅಂದ್ರು, ಒತ್ತಿದ್ಳು."

ನ್ಯಾಯಾಧೀಶರು ಬರೆದುಕೊಂಡರು. ಬಸವಂತ್ರಾಯ ತಲೆ ಎತ್ತಿ ಅವಳನ್ನು ನೋಡಿದ.

ಹೊರಗೆ ಬೇಲಿಯ ಹತ್ತಿರ ಗೌಹರಬೇಗಂ ಕಾಯುತ್ತಿದ್ದಳು. ಕಣ್ಣು ಒದ್ದೆಯಾಗಿದ್ದವು.

"ಸುಳ್ಳು ಯಾಕ ಹೇಳ್ದಿ ಅಕ್ಕಾ? ನನ್ನ ಸಲುವಾಗಿ..."

"ನಿನ್ನ ಸಲುವಾಗಿ ಅಲ್ಲ," ಎಂದಳು ಸುಗಲಮ್ಮ. "ನೀನೂ ಪಾಲಿಗೆ ಬಂದ್ರ ಆತನ ಪಾಲು ಕಮ್ಮಿ ಆಕ್ಕೈತಿ. ಪೂರಾ ಆತನ ತೆಲಿ ಮ್ಯಾಲ ಇರ್ಲಿ."

ಗೌಹರಬೇಗಂ ಅವಳ ಮುಖ ನೋಡಿದಳು. ಆ ಮಾತು ಎಷ್ಟು ನಿಜ, ಎಷ್ಟು ಅಲ್ಲ ಎಂದು ಅವಳಿಗೆ ತಿಳಿಯಲಿಲ್ಲ. ಸುಗಲಮ್ಮನಿಗೂ ತಿಳಿದಿರಲಿಲ್ಲ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು.

ಮರುವರ್ಷ ತೀರ್ಪು ಬಂತು. ಗೌಹರಬೇಗಂಳನ್ನು ಬಿಟ್ಟರು. ದೇವಿಂದ್ರಪ್ಪನಿಗೆ ಆರು ತಿಂಗಳು, ಬಸವಂತ್ರಾಯನಿಗೆ ಎರಡು ವರ್ಷ. ಸುಗಲಮ್ಮ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದಳು. ನ್ಯಾಯಾಧೀಶರ ಕನ್ನಡ ಪೂರ್ತಿ ಅರ್ಥವಾಗಲಿಲ್ಲ. ನಸೀರುದ್ದೀನ ವಕೀಲರು ಹೊರಗೆ ಬಂದು ತಿಳಿಸಿ ಹೇಳಿದರು.

"ಆದ್ರ ಇವತ್ತ ಒಳಗ ಹೋಗೂದಿಲ್ಲವ್ವಾ. ಜಾಮೀನು ತಗೊಂಡು ಮ್ಯಾಲಿನ ಕೋರ್ಟಿಗೆ ಹೋಗ್ತಾನ. ಅಪೀಲು."

"ಅದು ಎಲ್ಲೈತ್ರಿ ಆ ಕೋರ್ಟು?"

"ದೂರ. ಎಷ್ಟು ವರ್ಷ ಹಿಡೀತದೋ ಹೇಳಾಕ ಬರೂದಿಲ್ಲ. ನೀ ಇನ್ನ ಬರೂ ಜರೂರ ಇಲ್ಲ. ನಿನ್ನ ಕೆಲ್ಸ ಮುಗೀತು."

ಬಸವಂತ್ರಾಯ ಮಗನ ಭುಜ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದ. ಒಂದೊಂದೇ ಮೆಟ್ಟಿಲು. ಸುಗಲಮ್ಮ ಅವನು ಪೂರ್ತಿ ಇಳಿಯುವವರೆಗೆ ನೋಡಿ, ಎಡಗೈಯಲ್ಲಿ ಚೀಲ ಎತ್ತಿಕೊಂಡಳು.

"ಯಾವ ಬಸ್ ಹೋಗ್ತದ ಅಲ್ಲಿಗೆ, ಅದನ್ನಷ್ಟು ಬರದು ಕೊಡ್ರಿ ಸಾಹೇಬ್ರ," ಎಂದಳು. "ತಾರೀಖಿಗೆ ಬರ್ತೇನಿ."